ಇನ್ನೊಂದು ಕೆನ್ನೆ

ಕ್ಷೌರಿಕನ ಕೈ ನಡುಗಿದರೆ ಗಿರಾಕಿಯ ಜೀವ ನಡುಗುತ್ತದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಅಂಗಡಿ ಇಟ್ಟುಕೊಂಡಿದ್ದವನಿಗೆ ಬೀದಿಯವರೇ ಗಡಗಡ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಅವನು ಬಾಗಿಲು ತೆಗೆಯುವಾಗ ಬೀಗಕ್ಕಿಂತ ಬೀಗದ ಕೈಯೇ ಹೆಚ್ಚು ಸದ್ದು ಮಾಡುತ್ತದೆ ಎಂಬುದು ಎದುರಿನ ಟೈಲರ್‌ನ ಅಂಬೋಣ. ಕನ್ನಡಿಯ ಪಕ್ಕ, ಪೌಡರ್ ಡಬ್ಬಿಯ ಮರೆಯಲ್ಲಿ ಒಂದು ಬಾಟಲಿ ಇರುತ್ತಿತ್ತು. ಅದರಿಂದ ಒಂದೆರಡು ಮುಚ್ಚಳ ಗಂಟಲಿಗಿಳಿದರೆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೈ ನಿಂತೇ ಇರುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ.

ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದಳು. ಅವನು ಗೇಟಿನವರೆಗೆ ಬಂದು, ಬೈಕು ಕಾಯುವವನಂತೆ ಹೊರಗೆ ನಿಂತು ಹಿಂದಿರುಗುತ್ತಿದ್ದ. ಅಂಗಡಿಯ ಜಾಗ ಅವಳ ಅಣ್ಣನದು. ಕಾರು ಕಲಿಸುವ ಶಾಲೆ ನಡೆಸುವ ಈ ಭಾವ, ಸಿಗ್ನಲ್ ಕೊಡದೆ ಎಂದೂ ತಿರುಗಿದವನಲ್ಲ. ಗಡಗಡ ಒಬ್ಬ ವಕೀಲರ ಕಿವಿಗೆ ಕತ್ತಿ ತಾಗಿಸಿದ ದಿನ ಅವನೇ ಬಂದು ಸಿಗ್ನಲ್ ಕೊಟ್ಟ.

"ಇನ್ನೊಂದು ಕಿವಿ ಕುಯ್ದೆ ಅಂತ ಕೇಳಿದ್ರೆ ಬೀಗ ಹಾಕಿ ಮೊಬೈಲ್ ಅಂಗಡಿಯವನಿಗೆ ಕೊಟ್ಬಿಡ್ತೀನಿ. ಅವನ ಕೈಯಲ್ಲಿ ಕತ್ತಿಯಾದ್ರೂ ಇರಲ್ಲ."

ಅಪ್ಪನಿಂದ ಕಲಿತ ಆ ಕೆಲಸ ಬಿಟ್ಟರೆ ಗಡಗಡನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಆ ಭಾನುವಾರ ಅವನು ಗೇಟು ದಾಟಿ ಒಳಗೆ ಬಂದ. ಪಾದ್ರಿಗಳು ಅವನ ತಲೆಯ ಮೇಲೆ ಕೈಯಿಡುತ್ತಾರೆ ಎಂದು ಹೆಂಡತಿ ಕಾದಳು. ಅವರು ಕೈಯಿಟ್ಟದ್ದು ಅವನ ಹೆಗಲ ಮೇಲೆ, ತಳ್ಳಿಕೊಂಡು ಹೋದದ್ದು ಆಸ್ಪತ್ರೆಗೆ. ಪ್ರಾರ್ಥನೆಯನ್ನು ಆಟೋದಲ್ಲೇ ಮುಗಿಸಿದರು.

ಆಸ್ಪತ್ರೆಯಿಂದ ಬರುವಾಗ ಕುಡಿತ ಹೋಗಿತ್ತು, ನಡುಕ ಉಳಿದಿತ್ತು. ಅದು ನಿಧಾನವಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ನಿಧಾನ ಎಂದದ್ದಕ್ಕೆ ಗಿರಾಕಿಗಳ ಗಡ್ಡ ನಿಧಾನವಾಗಿ ಬೆಳೆಯುತ್ತದೆಯೇ? ಗಡಗಡ ಮಿಷನ್ ಹಿಡಿದು ತಲೆಗೂದಲು ಕತ್ತರಿಸಿ ಕಳಿಸುತ್ತಿದ್ದ, ಕತ್ತಿಯ ತಂಟೆಗೆ ಹೋಗುತ್ತಿರಲಿಲ್ಲ. ಬುಧವಾರದ ಪ್ರಾರ್ಥನಾ ಕೂಟ ಚರ್ಚಿನಲ್ಲಿ ಹಾಡು ಕಲಿಸುವ ಟೀಚರಮ್ಮನ ಮನೆಯಲ್ಲಿ ನಡೆಯುತ್ತಿತ್ತು. ಯಾರಿಗಾಗಿ ಏನು ಬೇಡಿಕೊಳ್ಳಬೇಕು ಎಂದು ಅವರು ಕೇಳಿದಾಗ ಒಬ್ಬರು ಮಂಡಿನೋವು ಹೇಳಿದರು, ಒಬ್ಬರು ಮಗಳ ಪರೀಕ್ಷೆ ಹೇಳಿದರು. ಗಡಗಡನ ಸರದಿ ಬಂತು.

"ಬಿಟ್ಟಿದ್ದೀನಿ. ಆದ್ರೆ ಒಂದು ಮುಚ್ಚಳ ಹಾಕಿದ್ರೆ ಕೈ ನಿಲ್ಲುತ್ತೆ ಅಂತ ಗೊತ್ತಲ್ಲ, ಆ ಗೊತ್ತಿರೋದೇ ಕಷ್ಟ."

ಕೈ ಪಳಗಿಸಲು ಬೇರೆ ದಾರಿ ಇಲ್ಲವೇ ಎಂದು ಟೀಚರಮ್ಮ ವಿಚಾರಿಸಿದರು. ಹೊಸಬರು ಬಲೂನಿಗೆ ನೊರೆ ಹಚ್ಚಿ ಹೆರೆದು ಕಲಿಯುತ್ತಾರೆ ಎಂದ. ಮರುದಿನವೇ ಭಾನುವಾರದ ಮಕ್ಕಳ ಶಾಲೆಯ ಬಲೂನುಗಳೆಲ್ಲ ಅಂಗಡಿಗೆ ಬಂದವು. ಅಂದೇ ಅಷ್ಟೂ ಢಂ ಎಂದವು. ಟೈಲರ್ ಎರಡು ಸಲ ಟೇಪು ಕೊರಳಲ್ಲಿ ಹಾಕಿಕೊಂಡೇ ಬೀದಿಗೆ ಓಡಿ ಬಂದ.

ಬಲೂನು ಮುಗಿದ ಮೇಲೆ ಪಾದ್ರಿಗಳು ಬಂದು ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿದರು. ನಾನು ಢಂ ಅನ್ನಲ್ಲ ಎಂದು ಧೈರ್ಯ ಹೇಳಿದರು. ಕಣ್ಣು ಮುಚ್ಚಿ ಅವರು ಮಾಡಿದ ಪ್ರಾರ್ಥನೆ ಎಷ್ಟು ದೀರ್ಘವಾಗಿತ್ತೆಂದರೆ ಹಚ್ಚಿದ ನೊರೆ ಒಣಗಿ ಮತ್ತೆ ಹಚ್ಚಬೇಕಾಯಿತು. ಮೂರು ಕಡೆ ರಕ್ತ ಬಂತು. ರಕ್ತ ನಿಲ್ಲಲು ಪಟಿಕ ಉಜ್ಜಿಸಿಕೊಂಡು, ಪೇಪರ್ ಚೂರು ಅಂಟಿಸಿಕೊಂಡು ಅವರು ಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ನಡೆದು ಹೋದರು.

ಅಲ್ಲಿಂದ ಟೀಚರಮ್ಮನ ಕಾರ್ಯಾಚರಣೆ ಶುರುವಾಯಿತು. ಹಾಡಿನ ಅಭ್ಯಾಸದಲ್ಲಿ ಅವರು ಗಡ್ಡ ಬಿಟ್ಟವರನ್ನೇ ದುರುಗುಟ್ಟಿ ನೋಡತೊಡಗಿದರು. ನಂಬಿಕೆಯ ಹಾಡನ್ನು ಗಡ್ಡದೊಳಗಿಂದ ಹಾಡಿದರೆ ದೇವರಿಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ ಎಂದರು. ಹಾರ್ಮೋನಿಯಂ ನುಡಿಸುವವನು ಕಾಲೇಜು ದಿನಗಳಿಂದ ಸಾಕಿಕೊಂಡಿದ್ದ ಗಡ್ಡ ಹಾಗೆ ಗಡಗಡನ ಕುರ್ಚಿಯಲ್ಲಿ ಹೋಯಿತು. ಭಾನುವಾರ ಗಂಡಸರ ಕಡೆಯ ಬೆಂಚುಗಳನ್ನು ನೋಡಿದರೆ ಎಲ್ಲರೂ ಬೆಕ್ಕಿನ ಜೊತೆ ಜಗಳ ಮಾಡಿ ಬಂದ ಹಾಗಿತ್ತು. ಸಭೆಯಲ್ಲಿ ಏನಾದರೂ ಬಣ ರಾಜಕೀಯವೇ ಎಂದು ಹೊರಗಿನವರು ಕೇಳಿದ್ದೂ ಉಂಟು.

ಗಡಗಡ ಮಾತ್ರ ನಗುತ್ತಿರಲಿಲ್ಲ. ಕತ್ತು ಕೊಯ್ಯುವವರನ್ನು ಅವನು ಕಂಡಿದ್ದ, ನಂಬಿ ಕತ್ತು ಕೊಡುವವರನ್ನು ಈಗಷ್ಟೇ ಕಾಣುತ್ತಿದ್ದ. ಅದು ಅವನಿಗೆ ಹೊರಲಾರದ ಭಾರವಾಗಿತ್ತು.

ಒಂದು ಬೆಳಿಗ್ಗೆ ಪಾದ್ರಿಗಳು ಮದುವೆ ಮಾಡಿಸಲು ಹೊರಟವರು ಶೇವಿಂಗಿಗೆ ಬಂದರು. ಬಲಗೆನ್ನೆ ಚೆನ್ನಾಗಿಯೇ ಆಯಿತು. ಎಡಗೆನ್ನೆಗೆ ಕತ್ತಿ ಇಟ್ಟದ್ದೇ ತಡ, ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಇಳಿಯುವುದನ್ನು ನೋಡಿದ ಗಡಗಡ ಕತ್ತಿಯನ್ನು ಬಟ್ಟಲಲ್ಲಿ ಹಾಕಿ, ಈಗ ಬಂದೆ ಎಂದು ಹೊರಟೇಹೋದ. ತಿರುವಿನಲ್ಲಿ ಮದ್ಯದಂಗಡಿ. ಬಸ್ಸಿಗೆ ಎಂದೂ ಸಾಲು ನಿಲ್ಲದ ಜನ ಅಲ್ಲಿ ಶಾಲೆಯ ಮಕ್ಕಳಂತೆ ಶಿಸ್ತಾಗಿ ನಿಂತಿದ್ದರು. ಅವನೂ ನಿಂತ. ಇನ್ನೇನು ಅವನ ಸರದಿ ಎನ್ನುವಾಗ ಹಿಂದಿನವರ ಗುಜುಗುಜು ಥಟ್ಟನೆ ನಿಂತಿತು.

ತಿರುಗಿ ನೋಡಿದರೆ ಪಾದ್ರಿಗಳು. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಹಾಗೇ ಇತ್ತು. ಅರ್ಧ ಮುಖದಲ್ಲಿ ನೊರೆ. ಒಬ್ಬ ಸಿಗರೇಟು ಬೆನ್ನ ಹಿಂದೆ ಮರೆಮಾಡಿದ. ಇಬ್ಬರು ಸದ್ದಿಲ್ಲದೆ ಸಾಲಿನಿಂದ ಜಾರಿದರು. ಕೌಂಟರಿನವನಿಗೆ ವ್ಯಾಪಾರ ಮುಖ್ಯ.

"ಅಯ್ಯನವರೇ, ಕ್ವಾರ್ಟರಾ, ಹಾಫಾ?"

"ಹಾಫ್ ಆಗಿದೆ. ಉಳಿದ ಹಾಫ್ ಇವನ ಹತ್ರ ಬಾಕಿ ಇದೆ."

ಗಡಗಡ ತಲೆ ತಗ್ಗಿಸಿದ. "ಕೈ ನಿಲ್ತಾ ಇಲ್ಲ, ಅಯ್ಯನವರೇ."

"ನಿಂತ ಕೈಗೇ ಮುಖ ಕೊಡ್ತೀನಿ ಅಂತ ನಾನ್ಯಾವಾಗಪ್ಪ ಹೇಳಿದೆ? ಮದುವೆಗೆ ಹೊತ್ತಾಯ್ತು. ಇನ್ನೊಂದು ಕೆನ್ನೆ ಇದೆಯಲ್ಲ, ನಡಿ."

ಆ ಮಾತನ್ನು ಗಡಗಡ ಚರ್ಚಿನಲ್ಲಿ ಕೇಳಿದ್ದ. ಏಟು ತಿನ್ನುವವರಿಗೆ ಹೇಳಿದ ಮಾತು ಎಂದುಕೊಂಡು ಸುಮ್ಮನಾಗಿದ್ದ. ಈಗ ಅದೇ ಕೆನ್ನೆ ನೊರೆ ಹಚ್ಚಿಕೊಂಡು ಹೆಂಡದ ಸಾಲಿನಲ್ಲಿ ತನ್ನ ಹಿಂದೆ ಬಂದು ನಿಂತಿತ್ತು. ಕೌಂಟರಿನವನು ಎರಡನೆಯ ಸಲ ಕೇಳುವಷ್ಟರಲ್ಲಿ ಅವನು ಸಾಲಿನಿಂದ ಆಚೆ ಬಂದಿದ್ದ. ಹಿಂದಿದ್ದವರು ಕೂಡಲೇ ಮುಂದೆ ಸರಿದರು.

ಕೈ ಆಗಲೂ ನಿಲ್ಲಲಿಲ್ಲ. ಕಿರುಬೆರಳನ್ನು ಕೆನ್ನೆಯ ಮೂಳೆಗೆ ಊರಿ, ಚಿಕ್ಕ ಚಿಕ್ಕದಾಗಿ ಕತ್ತಿ ಎಳೆದ. ಕರ್ತನೇ, ಈಗ ಕಿವಿಯ ಹತ್ತಿರ ಇದ್ದೀನಿ, ಕರ್ತನೇ, ಈಗ ಗಲ್ಲದ ಕೆಳಗೆ ಬಂದೆ ಎಂದು ಬಸ್ಸಿನ ಕಂಡಕ್ಟರನಂತೆ ಒಂದೊಂದು ನಿಲ್ದಾಣವನ್ನೂ ಮನಸ್ಸಿನಲ್ಲೇ ಕೂಗಿ ಹೇಳಿದ. ಅದು ಅವನು ಕಲಿತ ಮೊದಲ ಪ್ರಾರ್ಥನೆ. ಆ ಮದುವೆಯ ಫೋಟೋಗಳಲ್ಲಿ ಪಾದ್ರಿಗಳ ಕೆನ್ನೆಯ ಮೇಲೆ ಪೇಪರ್ ಚೂರು ಇದೆ. ವಧುವಿನ ತಾಯಿಗೆ ಅದರ ಬಗ್ಗೆ ಈಗಲೂ ಅಸಮಾಧಾನ.

ನಡುಕ ಯಾವತ್ತು ನಿಂತಿತು ಎಂದು ಗಡಗಡನಿಗೇ ತಿಳಿಯಲಿಲ್ಲ. ಚರ್ಚಿನವರ ಮುಖದ ಗಾಯಗಳು ಮೆಲ್ಲಗೆ ಮಾಯತೊಡಗಿದವು, ಟೈಲರ್ ತಾನೂ ಬಂದು ಕೂತ. ಸುದ್ದಿ ಭಾವನಿಗೆ ಮುಟ್ಟಿತು. ಮೊಬೈಲಿನವನು ಜಾಗಕ್ಕಾಗಿ ಇನ್ನೂ ಬೆನ್ನು ಬಿದ್ದಿದ್ದರಿಂದ ಪರೀಕ್ಷೆ ಮಾಡಿಯೇ ಬಿಡೋಣವೆಂದು ಬಂದ. ಕಾರು ಶಾಲೆಯ ಬೋರ್ಡಿನಲ್ಲಿ ಕಾರಿಗಿಂತ ಅಗಲವಾಗಿ ಬರೆಸಿದ್ದ ಮೀಸೆ ಅವನದು. ಗಡ್ಡ ತೆಗೆದು ಮೀಸೆಯ ತುದಿ ಒಂಚೂರು ಸರಿಮಾಡು, ನಿನ್ನ ದೇವರು ಎಷ್ಟು ಗಟ್ಟಿಯಾಗಿ ಕೈ ಹಿಡಿದಿದ್ದಾನೆ ನೋಡೋಣ ಎಂದು ಗಲ್ಲ ಎತ್ತಿದ.

ಎರಡು ಕೆನ್ನೆ, ಕೊರಳು, ಎಲ್ಲ ಬೆಣ್ಣೆಯ ಮೇಲೆ ಚಾಕು ಆಡಿಸಿದ ಹಾಗೆ ಆಯಿತು. ಒಂದು ಹನಿ ರಕ್ತವಿಲ್ಲ. ಭಾವ ಒಪ್ಪಿಕೊಳ್ಳಲೇಬೇಕಾಯಿತು. ಅಂಗಡಿ ನಿನಗೇ ಇರಲಿ, ಮೊಬೈಲಿನವನಿಗೆ ಆಗಲ್ಲ ಅಂತೀನಿ ಎಂದ. ಅಷ್ಟಕ್ಕೇ ಸುಮ್ಮನಿದ್ದರೆ ಮೀಸೆ ಉಳಿಯುತ್ತಿತ್ತು.

"ಆದ್ರೂ ನಿನ್ನ ಪುಣ್ಯ ಕಣಯ್ಯ. ಕುಯ್ದು ಕಲಿಯೋಕೆ ಒಂದು ಚರ್ಚು ತುಂಬ ಕುರಿಗಳು ಸಿಕ್ಕಿದ್ವು."

ಎಡಗಡೆಯ ಮೀಸೆ ಬುಡಸಮೇತ ಮಡಿಲಿಗೆ ಬಿತ್ತು.

ಭಾವ ಕನ್ನಡಿ ನೋಡಿದ, ಮಡಿಲು ನೋಡಿದ, ಇನ್ನೂ ನಡುಗುತ್ತಲ್ಲೋ ನಿನ್ನ ಕೈ ಎಂದು ಹಲ್ಲು ಕಡಿದ. ಒಂದೊಂದು ಸಲ ನಡುಗುತ್ತೆ ಭಾವ ಎಂದು ಗಡಗಡ ವಿನಯದಿಂದ ಹೇಳಿ, ಬಲಗಡೆಯದನ್ನೂ ಸಮ ಮಾಡಿದ. ಕೊಟ್ಟ ಮಾತು ಹಿಂದೆಗೆದುಕೊಳ್ಳುವ ಮುಖ ಭಾವನಿಗೆ ಉಳಿದಿರಲಿಲ್ಲ. ಅದನ್ನು ಮುಚ್ಚಿಕೊಂಡೇ ಹೋದ.

ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದಳು. "ನಿಜ ಹೇಳ್ರೀ. ಕೈ ನಡುಗ್ತಾ?"

"ಇಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟಳು. ನಗು ನಿಂತ ಮೇಲೆ, ಇದನ್ನು ಬುಧವಾರ ಕೂಟದಲ್ಲಿ ಹೇಳಬೇಕಾಗುತ್ತದೆ ಎಂದಳು. ಹೇಳಿದ. ಪಾದ್ರಿಗಳು ತಕ್ಷಣ ತಲೆ ಬಾಗಿಸಿ ಪ್ರಾರ್ಥನೆಗೆ ತೊಡಗಿದರು. ಅವರ ಹೆಗಲುಗಳು ಕುಲುಕುತ್ತಿರುವುದನ್ನು ಕಂಡ ಟೀಚರಮ್ಮ ಬೇಗ ಬೇಗ ಹಾಡು ಎತ್ತಿದರು. ಹಾಡು ಮುಗಿದ ಮೇಲೆ, ತಪ್ಪು ತಪ್ಪೇ, ಭಾವನ ಮನೆಗೆ ಹೋಗಿ ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು. ಜೊತೆಗೆ ಪಾದ್ರಿಗಳೂ ಹೊರಟರು.

ಭಾವನ ಮನೆಯ ಬೆಲ್ ಒತ್ತುವಾಗ ಮಾತ್ರ ಗಡಗಡನ ಕೈ ನಿಜವಾಗಿಯೂ ನಡುಗಿತು.