ಎಮ್ಮೆಗೆ ಹೇಳಿದ ಹವಾಮಾನ

ಮೊರಬದ ಮಲ್ಲಮ್ಮನಿಗೆ ಮಾತು ಶುರು ಮಾಡಲು ಬಿಸಿಲಾದರೂ ಬೇಕು, ಗಾಳಿಯಾದರೂ ಬೇಕು. ಬಸ್ಸಿಗೆ ಕಾಯುವವರು ಸಿಗಲಿ, ಕೂಲಿಗೆ ಹೊರಟ ಹೆಂಗಸರು ಸಿಗಲಿ, "ಏನ್ ಬಿಸಲವಾ ಇದು, ತಲಿ ಸಿಡದು ಹೋಗ್ತೈತಿ" ಎನ್ನುವುದೇ ಅವಳ ನಮಸ್ಕಾರ. ಅಷ್ಟಕ್ಕೇ ಸುಮ್ಮನಾದರೆ ಅವಳು ಮಲ್ಲಮ್ಮನೇ ಅಲ್ಲ ಬಿಡಿ. ತಲೆ ಎತ್ತಿ ಆಕಾಶ ನೋಡಿ, ಮೂಗು ಒಮ್ಮೆ ಎಳೆದು, ನಾಳೆ ಏನಾಗುತ್ತದೆ ಎಂದು ಹೇಳಿಯೇ ತೀರುವಳು. ಹೇಳಿದ್ದು ಮಾತ್ರ ಎಂದೂ ಆಗುತ್ತಿರಲಿಲ್ಲ. ಮಳೆ ಅಂದರೆ ಬಿಸಿಲು, ಬಿಸಿಲು ಅಂದರೆ ಮಳೆ. ಗಂಡ ಅಂದಾನೆಪ್ಪನಂತೂ ಕಟ್ಟೆಯ ಮೇಲೆ ಕೂತವರಿಗೆ, "ನಮ್ಮಾಕಿ ಇವತ್ತ ಮಳಿ ಇಲ್ಲ ಅಂದ್ಲು. ನಡೀರಿ, ಮೇವಿನ ಬಣವಿ ಮುಚ್ಚೂಣು" ಎಂದು ಹೇಳಿ ನಗಿಸುತ್ತಿದ್ದ.

ಈ ಚಟ ಅವಳಿಗೆ ಹತ್ತಿದ್ದು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ. ತವರು ಬಮ್ಮಿಗಟ್ಟಿ. ಅಲ್ಲಿ ಬಾಗಿಲ ಮುಂದೆಯೇ ಮಾವಿನ ಮರದ ನೆರಳು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಬಿರುಕು ಬಿಟ್ಟ ಎರೆಹೊಲ. ಯಾರ ಗುರುತೂ ಇಲ್ಲದ ಹೊಸ ಸೊಸೆ ಮಾಳಿಗೆ ಹತ್ತಿ ಅಳುತ್ತ ನಿಂತಿದ್ದಾಗ, ಪಕ್ಕದ ಮಾಳಿಗೆಯಿಂದ ಒಬ್ಬಳು ಕೇಳಿದ್ದಳು, "ಸೆಕಿ ತಡಿಲಾರದ ಅಳಾಕತ್ತಿ ಏನಬೇ? ಇದಿನ್ನೂ ಈಗ ಶುರುವಾಗೈತಿ, ಮೇ ತಿಂಗಳ ಬರ್ಲಿ ತಡಿ!" ಹಾಗೆಂದವಳೇ ಗಿಡ್ಡ ಗೋಡೆಯ ಮೇಲಿಂದ ಒಂದು ತಂಬಿಗೆ ಮಜ್ಜಿಗೆ ದಾಟಿಸಿದ್ದಳು. ಅವಳೇ ಖಾತುನಬಿ. ಅಂದಿನಿಂದ ದಿನಾ ಸಂಜೆ ಆ ಗೋಡೆಗೆ ಆತುಕೊಂಡು ಇಬ್ಬರೂ ಗಾಳಿಯ ಸುದ್ದಿ, ಸೆಕೆಯ ಸುದ್ದಿ ಮಾತಾಡುತ್ತಲೇ ಮಕ್ಕಳನ್ನು ಹೆತ್ತರು, ಬೆಳೆಸಿದರು, ಮದುವೆ ಮಾಡಿ ಕಳಿಸಿದರು.

ಅಂಥ ಖಾತುನಬಿ ಹೋದ ವರ್ಷದಿಂದ ಮಾತು ಬಿಟ್ಟಿದ್ದಳು.

ಆಗ ಯುಗಾದಿಯೂ ರಮಜಾನೂ ಬೆನ್ನಿಗೆ ಬೆನ್ನು ಹಚ್ಚಿ ಬಂದಿದ್ದವು. ಎರಡೂ ಮಾಳಿಗೆಯ ಮೇಲೆ ಶ್ಯಾವಿಗೆ ಒಣಗುತ್ತಿತ್ತು. ಖಾತುನಬಿಯದು ಹಬ್ಬದ ಸುರಕುಂಬ ಪಾಯಸಕ್ಕೆಂದು ರೋಜಾ ಹಿಡಿದು, ಬಾಯಿಗೆ ಹನಿ ನೀರು ಹಾಕದೆ ಹೊಸೆದ ಶ್ಯಾವಿಗೆ. ಮೋಡ ಕಂಡು ಅವಳು, "ಒಳಗ ತಗೀಲೇನಬೇ?" ಎಂದು ಕೇಳಿದಳು. ಮಲ್ಲಮ್ಮ ಮೂಗು ಎಳೆದು, "ಎಲ್ಲಿದಕ್ಕಾ ಮಳಿ? ಹೋಗಿ ಅಡ್ಡಾಗು" ಎಂದಳು. ಖಾತುನಬಿ ಕೆಳಗಿಳಿದು ಮಲಗಿದಳು. ಸ್ವಲ್ಪ ಹೊತ್ತಿಗೆ ಬಿರುಗಾಳಿ ಎದ್ದಿತು, ದಪ್ಪ ದಪ್ಪ ಹನಿ ಬಿದ್ದವು. ಮಲ್ಲಮ್ಮ ಓಡಿ ಬಂದು ತನ್ನ ಶ್ಯಾವಿಗೆ ಬಾಚಿಕೊಂಡು ಕೆಳಗಿಳಿದಳು. ಖಾತುನಬಿಯದು ಬೀದಿ ತುಂಬ ಹಾರಿ ಕೆಸರಾಯಿತು.

ಜಗಳ ಆಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು! ಖಾತುನಬಿ ಬಾಯಿಯೇ ಬಿಡಲಿಲ್ಲ. ಕಳಿಸಿದ ಹೋಳಿಗೆಯ ತಾಟು ಮುಚ್ಚಿದ್ದು ಮುಚ್ಚಿದಂತೆಯೇ ಮರಳಿ ಬಂತು. ಹಾಳಾದ ಹವಾಮಾನ ಹೇಳಲು ಹೋಗಿ ಅಕ್ಕನಂಥವಳನ್ನು ಕಳೆದುಕೊಂಡೆ ಎಂದು ಮಲ್ಲಮ್ಮ ಕೊರಗಿದಳು.

ಮಾತು ಬಿಟ್ಟವರಿಗೆ ಏನಾದರೂ ಹೇಳಬೇಕಾದರೆ ದನಕ್ಕೋ ಕೋಳಿಗೋ ಗಟ್ಟಿಯಾಗಿ ಹೇಳುವುದು ಊರಿನ ರೂಢಿ. ಮಲ್ಲಮ್ಮ ಎಮ್ಮೆಯನ್ನು ಹಿಡಿದಳು. ದಿನಾ ಹಾಲು ಹಿಂಡುವಾಗ ಹಿತ್ತಿಲ ಆಚೆಗೂ ಕೇಳುವಂತೆ, "ನೋಡವಾ, ಇವತ್ತ ಗಾಳಿನ ಇಲ್ಲ. ಬಿಸಲಾಗ ಹೊರಗ ಅಡ್ಡ್ಯಾಡಬ್ಯಾಡ" ಎನ್ನುವಳು. ಎಮ್ಮೆ ಮೆಲುಕು ಹಾಕುತ್ತಿತ್ತು, ಆಚೆಯಿಂದ ಉತ್ತರವಿಲ್ಲ. ಈ ಸಲ ಮಾರ್ಚಿನಲ್ಲೇ ಝಳ ಹೆಚ್ಚಾದಾಗ ಒಂದು ದಿನ ಖಾತುನಬಿ ತನ್ನ ಆಡಿಗೆ, "ಮಂದಿ ಮಾತ ಕೇಳಿ ಕೆಟ್ಟೀ, ಹುಷಾರ!" ಎಂದಳು. ಆ ಚುಚ್ಚುಮಾತಿಗೇ ಮಲ್ಲಮ್ಮ ದಿನವಿಡೀ ಖುಷಿಯಲ್ಲಿದ್ದಳು.

ಮತ್ತೆ ಎರಡೂ ಹಬ್ಬ ಬಂದವು, ಎರಡೂ ಮಾಳಿಗೆಗೆ ಶ್ಯಾವಿಗೆ ಬಂತು. ಒಂದು ಮಧ್ಯಾಹ್ನ ಮಲ್ಲಮ್ಮ ಮೇಲೆ ಹತ್ತಿ ನೋಡಿದರೆ ಗಾಳಿ ಸತ್ತುಹೋಗಿತ್ತು, ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಮಳೆ ಬಂದೇ ಬರುತ್ತದೆ ಅನಿಸಿತು. ಅವಳಿಗೆ ಅನಿಸಿದ್ದರ ಬೆಲೆ ಅವಳಿಗೂ ಗೊತ್ತಿತ್ತು, ಪಾಪ. ಖಾತುನಬಿ ರೋಜಾದಲ್ಲಿ ಸುಸ್ತಾಗಿ ಕೆಳಗೆ ಮಲಗಿರಬೇಕು. ಕರೆಯೋಣವೆಂದರೆ ಯಾವ ಬಾಯಿಂದ ಕರೆಯುವುದು? ಆಗಿದ್ದಾಗಲಿ ಎಂದು ಸೀರೆ ಎತ್ತಿ ಕಟ್ಟಿ ಗೋಡೆ ದಾಟಿದಳು. ಇನ್ನೂ ಹಸಿ ಆರದ ಶ್ಯಾವಿಗೆಯನ್ನು ಗಡಿಬಿಡಿಯಲ್ಲಿ ಹಾಸಿದ ಬಟ್ಟೆಯಲ್ಲೇ ಸುತ್ತಿ ಗಂಟು ಕಟ್ಟಿ, ಮೆಟ್ಟಿಲ ಬಾಗಿಲೊಳಗೆ ಸೇರಿಸಿ, ಮಳೆಗೆ ಕಾದಳು.

ಮೋಡ ಒಂದು ಹನಿಯನ್ನೂ ಉದುರಿಸದೆ ನವಲಗುಂದದ ಕಡೆ ಹೊರಟುಹೋಯಿತು. ಬಿಸಿಲು ಮೊದಲಿಗಿಂತ ಜೋರಾಗಿ ಬಿತ್ತು.

ಸಪ್ಪಳಕ್ಕೆ ಎದ್ದ ಖಾತುನಬಿ ಮೇಲೆ ಬಂದಳು. ಗಂಟು ಬಿಚ್ಚಿದಳು. ಶ್ಯಾವಿಗೆಯೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು.

"ಮಳಿ ಬರ್ತೈತಿ ಅನಿಸ್ತಕ್ಕಾ..." ಎಂದಳು ಮಲ್ಲಮ್ಮ.

ಖಾತುನಬಿ ಮುದ್ದೆ ನೋಡಿದಳು. ಆಮೇಲೆ ಗೋಡೆಯಾಚೆ ನೋಡಿದಳು. ಅಲ್ಲಿ ಮಲ್ಲಮ್ಮನ ಶ್ಯಾವಿಗೆ ಹರವಿದ್ದು ಹರವಿದಂತೆಯೇ ಬಿಸಿಲಲ್ಲಿತ್ತು.

"ನಿಂದ್ಯಾಕ ತಗದಿಲ್ಲ?"

ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

"ನಿಂದ ತಗಿಯೂ ಗದ್ದಲದಾಗ ನಂದು ನೆಪ್ಪ ಆಗ್ಲಿಲ್ಲಕ್ಕಾ" ಎಂದಳು ಮಲ್ಲಮ್ಮ. ಅದು ನಿಜವೂ ಆಗಿತ್ತು.

ಖಾತುನಬಿ ಅಲ್ಲೇ ಕೂತುಬಿಟ್ಟಳು. "ಹೋದ ವರ್ಷ ಮಳಿ ಬಂತಂತ ನಾ ಸಿಟ್ಟಾಗಿದ್ದೆ ಅಂದ್ಕೊಂಡಿ ಏನಬೇ? ನಿನ್ನ ಹವಾಮಾನದ ಹಣೇಬರಾ ಊರಿಗೇ ಗೊತ್ತೈತಿ. ನಂಬಿದ್ದು ನಂದ ತಪ್ಪು. ಆದ್ರ ಮಳಿ ಬಂದಾಗ ನೀ ನಿಂದಷ್ಟ ಬಾಚ್ಕೊಂಡು ಇಳದಿ. ಖಾತುನಕ್ಕಾ ಅಂತ ಒಂದು ಕೂಗು ಹಾಕಲಿಲ್ಲ. ಅದು ಸುಡಾಕತ್ತಿತ್ತು ನನಗ."

ವರ್ಷವಿಡೀ ಮಲ್ಲಮ್ಮ ಎಮ್ಮೆಗೆ ಏನೆಲ್ಲ ಹೇಳಿದ್ದಳು, ಇದೊಂದನ್ನು ಮಾತ್ರ ತನಗೆ ತಾನೇ ಹೇಳಿಕೊಂಡಿರಲಿಲ್ಲ. "ತಪ್ಪಾತಕ್ಕಾ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

"ಅತ್ತದ್ದು ಸಾಕು, ಏಳು. ಹಿಟ್ಟು ಮತ್ತ ನಾದಬೇಕು, ಅದು ನಿನ್ನ ಪಾಲಿಗೆ. ರೋಜಾ ಹಿಡದು ಬೈಬಾರದಂತ ಸುಮ್ನಿದೀನಿ. ಸಂಜಿಗೆ ರೋಜಾ ಬಿಟ್ಟ ಮ್ಯಾಲ ಬಾ, ಒಂದ ವರ್ಷದ್ದೂ ಕೂಡಿಸಿ ಬೈತೀನಿ!"

ಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಗೋಡೆ ದಾಟಿ ತನ್ನ ಮನೆಯ ಮೆಟ್ಟಿಲು ಇಳಿದಳು. ಅವಳ ಅವತಾರ ನೋಡಿ ಅಂದಾನೆಪ್ಪ ಗಾಬರಿಯಾದ. "ಯಾಕ, ಏನಾತಬೇ?"

"ಬೈತಾಳಂತ್ರಿ!" ಅಂದಳು ಮಲ್ಲಮ್ಮ. "ಖಾತುನಕ್ಕ ಸಂಜಿಗೆ ನನ್ನ ಕರದು ಬೈತಾಳಂತ!"