ಗಣಿತ ಸರ್ ಮತ್ತು ಅವರ ಆಯಸ್ಕಾಂತ

ಅಥಣಿಯಲ್ಲಿ ಬಿ.ಎಸ್ಸಿ. ಓದುವಾಗ ನಾನು ಅಣಕಿಸದೆ ಬಿಟ್ಟವರಿಲ್ಲ. ಪ್ರಾಂಶುಪಾಲರ ಕೆಮ್ಮು, ಹುಡುಗಿಯರ ಮುಂದೆ ನನ್ನದೇ ತೊದಲು, ಎಲ್ಲ ಬರುತ್ತಿತ್ತು. ಗಣಿತ ಸರ್ ಮಾತ್ರ ನನ್ನ ಖಾಸಾ ಐಟಂ.

ಸರಿಯುತ್ತಿರುವ ಬಿಸಿ ತಗಡು ತನ್ನೊಡನೆ ಎಳೆದೊಯ್ಯುವ ದ್ರವಕ್ಕೆ ಆಯಸ್ಕಾಂತ ಹಿಡಿದರೆ ಶಾಖ ಹೇಗೆ ಹರಡುತ್ತದೆ ಎಂಬುದು ಅವರ ಪಿಎಚ್.ಡಿ. ವಿಷಯ. "ಆಯಸ್ಕಾಂತ ಹರಿಯೋದನ್ನ ಹಿಂದಕ್ಕ ಜಗ್ಗತೈತ್ರಪಾ" ಎನ್ನುತ್ತ ಕ್ಲಾಸಿನಲ್ಲೂ ಅದರ ಸಮೀಕರಣ ಬರೆದು, ಇಳಿಜಾರಿನಲ್ಲಿ ಕಬ್ಬಿನ ಗಾಡಿ ತಡೆಯುವವರಂತೆ ಎರಡೂ ಕೈಯಿಂದ ಗಾಳಿ ಜಗ್ಗುತ್ತಿದ್ದರು. ಆದರೆ ಪ್ರತಿ ಭಾನುವಾರ ಚಿಕ್ಕೋಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಲೆಕ್ಕ ಹಾಕಿದರೂ, ತಗಡಿನಿಂದ ದೂರ ಹೋದಂತೆ ಸೊನ್ನೆಗೆ ಇಳಿಯಬೇಕಾದ ದ್ರವದ ವೇಗ ಏರುತ್ತಲೇ ಇತ್ತು. ಈ ತಿಂಗಳು ಸರಿಹೋಗದಿದ್ದರೆ ವಿಷಯವನ್ನೇ ಬಿಡಿ ಎಂದಿದ್ದರು ಅವರ ಗೈಡ್.

ಒಂದು ಖಾಲಿ ಪಿರಿಯಡ್ಡಿನಲ್ಲಿ ನಾನು ಸರ್ ಆಗಿ ನಿಂತೆ. ಗಾಳಿ ಜಗ್ಗಿದೆ, ಅವರದೇ ಸಮೀಕರಣ ಬರೆದೆ, ಆಯಸ್ಕಾಂತದ ಪದದ ಮುಂದೆ ಅವರಂತೆಯೇ ದೊಡ್ಡದೊಂದು ಕೂಡಿಸುವ ಚಿಹ್ನೆ ಎಳೆದೆ. ಹುಡುಗರ ನಗು ತಟ್ಟನೆ ನಿಂತಿತು. ಬಾಗಿಲಲ್ಲಿ ಸರ್.

"ಇನ್ನೊಮ್ಮೆ ಮಾಡಲೇ."

"ತಪ್ಪಾತ್ರಿ ಸರ್..."

"ಮಾಡಂದ್ನಿ!"

ಮತ್ತೆ ಜಗ್ಗಿದೆ, ಮತ್ತೆ ಬರೆದೆ. ಸರ್ ನೋಡುತ್ತಿದ್ದದ್ದು ನನ್ನನ್ನಲ್ಲ, ಬೋರ್ಡನ್ನು.

"ಕೈ ಹಿಂದಕ್ಕ ಜಗ್ಗತೈತಿ, ಬರದಿದ್ದು ಮುಂದಕ್ಕ ದಬ್ಬತೈತಿ! ಇದನ್ನ ಕಳೀಬೇಕಿತ್ತಲೇ!" ಎಂದು ಓಡಿಬಂದವರೇ ಚಿಹ್ನೆಯ ನಿಂತ ಗೆರೆಯನ್ನು ಬೆರಳಿನಿಂದ ಒರೆಸಿದರು.

ಆ ಭಾನುವಾರ ನನ್ನನ್ನೂ ಚಿಕ್ಕೋಡಿಗೆ ಕರೆದೊಯ್ದರು. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಸೊನ್ನೆಯತ್ತ ಇಳಿದವು. ಸರ್ ಕುರ್ಚಿಗೊರಗಿ, ಕಣ್ಣು ಮುಚ್ಚಿ ನಕ್ಕರು. ಬಸ್ಸಿನಲ್ಲಿ ಆ ನಗುವನ್ನೂ ಮಾಡಿ ತೋರಿಸಿದೆ.

"ಇದು ನಿನಗ ಬರಂಗಿಲ್ಲ, ಬಿಡಪಾ" ಎಂದರು.

ಖರೇನ, ಇವತ್ತಿಗೂ ಬಂದಿಲ್ಲ.