ಏಳು ಜನರ ಪಂದ್ಯ

ನಮ್ಮ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿದವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅತ್ತಿಗುಪ್ಪೆಯಲ್ಲಿ ಇನ್ನೂ ಖಾಲಿ ಜಾಗವಿದ್ದ ಕಾಲದಲ್ಲಿ ಎರಡೂ ಕಡೆ ಗೋಲಿಗೆಂದು ಸರ್ವೆ ಮರದ ಕಂಬ ನೆಟ್ಟು ಶುರು ಮಾಡಿದ ಕ್ಲಬ್ಬು ಅದು. ಆ ಜಾಗ ಸೈಟುಗಳಾದ ಮೇಲೆ ಮಲ್ಲತ್ತಹಳ್ಳಿಗೆ ಹೋದೆವು. ಅಲ್ಲೂ ಬೇಲಿ ಬಿತ್ತು, ಕೆಂಗೇರಿಯ ಆಚೆಗೆ ಹೋದೆವು. ಲೀಗಿನ ಕೊನೆಯ ಡಿವಿಷನ್ನಿನಿಂದ ಒಂದೇ ಒಂದು ಸಲ ಮೇಲಕ್ಕೆ ಹತ್ತಿ, ಮರುವರ್ಷವೇ ಇಳಿದು ಬಂದೆವು. ನಾನು ಪಿಯುಸಿ ಓದುವಾಗ ಡಿಫೆಂಡರ್ ಆಗಿ ಸೇರಿದವನು. ಮಂಡಿ ಕೆಟ್ಟು ಆಟ ನಿಂತ ಮೇಲೂ ಬಿಡಲಾಗದೆ ಮ್ಯಾನೇಜರ್ ಆದೆ. ವಾರವಿಡೀ ಬಸವೇಶ್ವರನಗರದ ಶಾಲೆಯಲ್ಲಿ ಗಣಿತ ಪಾಠ, ಭಾನುವಾರ ಮೈದಾನ.

ಆ ವರ್ಷ ನಮ್ಮ ಒಂದು ಪಂದ್ಯ ವಾರದ ನಡುವೆ, ಮಧ್ಯಾಹ್ನ ಬಿದ್ದಿತ್ತು. ಕೆಲಸಕ್ಕೆ ಹೋಗುವ ಹುಡುಗರಿಗೆ ರಜೆ ಸಿಗದೆ ಐದೇ ಜನ ಬಂದರು. ಕನಿಷ್ಠ ಏಳು ಜನರಿಲ್ಲದೆ ಪಂದ್ಯ ನಡೆಯುವಂತಿಲ್ಲ. ಎದುರಾಳಿಗೆ ವಾಕ್‌ಓವರ್ ಕೊಟ್ಟೆವು. ಇನ್ನೊಮ್ಮೆ ಹೀಗಾದರೆ ಲೀಗಿನಿಂದ ತೆಗೆದುಹಾಕುತ್ತೇವೆ ಎಂದು ಸಮಿತಿಯಿಂದ ಪತ್ರ ಬಂತು. ಅಣ್ಣ ಅದನ್ನು ಓದಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಕೊನೆಯ ಪಂದ್ಯ ಭಾನುವಾರ ಮೂರು ಗಂಟೆಗೆ. ಅದೇ ದಿನ ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆ ಇತ್ತು. ನಮ್ಮ ಅರ್ಧ ತಂಡ ಅದನ್ನು ಬರೆಯಲು ಹೋಗಿತ್ತು. ಎರಡೂಮುಕ್ಕಾಲಿಗೆ ಎಣಿಸಿದರೆ ಆರು ಜನ. ಏಳನೆಯವನು ನಮ್ಮ ಗೋಲ್‌ಕೀಪರ್. ಗದಗದ ಕಡೆಯವನು, ಬಾಪೂಜಿನಗರದಲ್ಲಿ ರೂಮು ಮಾಡಿಕೊಂಡು ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ಮೈಸೂರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಫೋನ್ ಮಾಡಿದ್ದ. ರೆಫರಿ ಎರಡು ಸಲ ಗಡಿಯಾರ ನೋಡಿದರು. ಇನ್ನು ನಾಲ್ಕೇ ನಿಮಿಷ ಇರುವಾಗ ಬೈಕು ಗೇಟಿನೊಳಗೆ ನುಗ್ಗಿತು. ಹುಡುಗ ಕೆಲಸದ ಟೀ ಶರ್ಟ್ ಕಳಚುತ್ತಲೇ ಓಡಿಬಂದ.

ಹನ್ನೊಂದು ಜನರೆದುರು ಏಳು ಜನ. ಸೋತರೆ ಸೋಲಲಿ, ಕೊನೆಯ ಸೀಟಿಯ ತನಕ ಏಳೂ ಜನ ಮೈದಾನದಲ್ಲಿದ್ದರೆ ಸಾಕಿತ್ತು. ಯಾರೂ ಟ್ಯಾಕಲ್‌ಗೆ ಹೋಗಬೇಡಿ, ಕಾಲು ಉಳಿಸಿಕೊಳ್ಳಿ ಎಂದು ನಾನು ಗೆರೆಯ ಆಚೆಯಿಂದ ಕೂಗುತ್ತಲೇ ಇದ್ದೆ. ಅಣ್ಣ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೊದಲರ್ಧದಲ್ಲಿ ಎರಡು ಗೋಲು ಬಿದ್ದವು. ಕೀಪರ್ ಅದರ ಮೂರು ಪಟ್ಟು ತಡೆದಿದ್ದ.

ಪಂದ್ಯ ಮುಗಿಯಲು ಇಪ್ಪತ್ತು ನಿಮಿಷ ಉಳಿದಿತ್ತು. ಕಾರ್ನರಿನಿಂದ ಬಂದ ಚೆಂಡಿಗೆ ಕೀಪರ್ ಹಾರಿದ. ಎದುರಾಳಿಯ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಚೆಂಡನ್ನು ಅಪ್ಪಿಕೊಂಡೇ ಬಿದ್ದವನು ಅಲುಗಾಡಲಿಲ್ಲ.

ನಾನು ಓಡಿಹೋಗುವಷ್ಟರಲ್ಲಿ ಕಣ್ಣು ಬಿಟ್ಟಿದ್ದ. ರಕ್ತ ಇರಲಿಲ್ಲ. ರೆಫರಿ ನನ್ನ ಪಕ್ಕ ಬಾಗಿ ಮೆಲ್ಲಗೆ ಹೇಳಿದರು, "ಏನ್ ಮಾಡ್ತೀರಾ ಸಾರ್? ಇವ್ರು ಹೊರಗೆ ಹೋದ್ರೆ ನಾನು ಮ್ಯಾಚ್ ನಿಲ್ಲಿಸ್ಬೇಕಾಗುತ್ತೆ."

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. "ಐಸ್ ಇಟ್ರೆ ಸರಿ ಹೋಗ್ತಾನೆ ಸಾರ್, ಸ್ವಲ್ಪ ಟೈಮ್ ಕೊಡಿ" ಎಂದೆ.

ಐಸ್ ಇಟ್ಟೆವು. ಅವನನ್ನು ಕೂರಿಸಿದೆವು, ನಿಲ್ಲಿಸಿದೆವು. ನಿಂತವನು ಕಂಬ ಹಿಡಿದುಕೊಂಡ. ಏನೂ ಆಗಿಲ್ಲ, ಆಡುತ್ತೇನೆ ಎಂದ. ಅವನ ಗ್ಲೌಸಿನ ಪಟ್ಟಿಯನ್ನು ನಾನೇ ಬಿಗಿದೆ. ಗೆರೆಯತ್ತ ಹೊರಟ ನಾನು, ಯಾಕೋ ತಿರುಗಿ ಅವನನ್ನು ಕೇಳಿದೆ, "ಸ್ಕೋರ್ ಎಷ್ಟೋ?"

ಅವನು ನನ್ನನ್ನೇ ನೋಡಿದ. "ಇನ್ನಾ ಶುರುನ ಆಗಿಲ್ಲಲ್ರೀ ಸರ್."

ರೆಫರಿಯತ್ತ ಕೈ ಎತ್ತಿ, ಸಾಕು ಎಂದು ಸನ್ನೆ ಮಾಡಿದೆ. ಆಮೇಲೆ ಅಣ್ಣನ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಅವರೇ ನಿಧಾನವಾಗಿ ನಡೆದು ಬಂದರು. "ನೀನು ಇವನನ್ನ ಕರ್ಕೊಂಡು ಆಸ್ಪತ್ರೆಗೆ ಹೊರಡು. ಇಲ್ಲಿ ಸೈನ್ ನಾನು ಹಾಕ್ತೀನಿ" ಎಂದರು. ಪಂದ್ಯ ನಿಂತಿತೆಂಬ ಕಾಗದಕ್ಕೆ ಅವರು ಸಹಿ ಹಾಕುವುದನ್ನು ಆಟೋದೊಳಗಿಂದ ಕಂಡೆ.

ದಾರಿಯಲ್ಲಿ ಹುಡುಗ ಎರಡು ಸಲ ವಾಂತಿ ಮಾಡಿದ. ಸ್ಕ್ಯಾನಿಂಗಿನಲ್ಲಿ ತಲೆಯೊಳಗೆ ಸಣ್ಣ ರಕ್ತಸ್ರಾವ ಕಂಡಿತು. ಆಪರೇಷನ್ ಬೇಕಾಗಲಿಕ್ಕಿಲ್ಲ, ಆದರೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಹೇಳುವ ಹಾಗಿರಲಿಲ್ಲ ಎಂದರು ಡಾಕ್ಟರು. ಗದಗದಿಂದ ಅವನ ತಾಯಿ ಫೋನಿನಲ್ಲಿ ಅಳುತ್ತಿದ್ದರು. ಕಡೆಗೆ, "ನೀವ್ ಅವನ ಜೋಡಿ ಇದ್ರಿ ಅಂತ ಛಲೋ ಆತ್ರೀ ಸರ" ಎಂದರು. ನಾನು ಹೂಂಗುಟ್ಟಿದೆ, ಅಷ್ಟೇ.

ಐದನೆಯ ದಿನ ಅವನನ್ನು ಊರಿಗೆ ಕಳಿಸಿದೆವು. ಎರಡು ತಿಂಗಳಿಗೆ ವಾಪಸು ಬಂದು ಕೆಲಸ ಹಿಡಿದ. ಆಟಕ್ಕೆ ಮಾತ್ರ ಡಾಕ್ಟರು ಒಪ್ಪಿಲ್ಲ. ನಾನು ಮೂರು ಅರ್ಜಿ ಬರೆದರೂ ಸಮಿತಿ ಕ್ಲಬ್ಬಿನ ಹೆಸರು ತೆಗೆದುಹಾಕಿತು. ಮತ್ತೆ ಸೇರಬೇಕಾದರೆ ಹೊಸ ಕ್ಲಬ್ಬಿನಂತೆ ಮೊದಲಿಂದ ನೋಂದಾಯಿಸಬೇಕು. ಹುಡುಗರು ಕೆಲವರು ಬೇರೆ ಕಡೆ ಹೋದರು, ಉಳಿದವರು ಈಗಲೂ ಭಾನುವಾರ ಸೇರುತ್ತಾರೆ.

ಒಂದು ಸಂಜೆ ವಿಜಯನಗರದ ಮನೆಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ: ಹುಡುಗ ನೆಟ್ಟಗಿಲ್ಲ ಎಂಬುದು ನನಗೆ ಮೊದಲೇ ಗೊತ್ತಾಗಿತ್ತು, ಆದರೂ ಗ್ಲೌಸ್ ಬಿಗಿದೆ ಎಂದು.

"ಕುರ್ಚಿಯಿಂದ ನಂಗೂ ಕಾಣಿಸ್ತು ಕಣೋ" ಎಂದರು. "ನಾನೂ ಸುಮ್ನೆ ಕೂತಿದ್ದೆ."